ಸನ್ನೆಯ ಕಳವು

ಕಳೆದ ವರ್ಷ ಜೂನ್ ತಿಂಗಳಲ್ಲಿ, ಮಗಳ ಮನೆಯಲ್ಲಿ ಕೆಲವು ವಾರ ತಂಗುವ ನೆಪದಿಂದ ಅಮೆರಿಕದ ನ್ಯೂಜೆರ್ಸಿಗೆ ಹೋಗಿದ್ದಾಗ, ಹನ್ನೊಂದು ವರ್ಷದ ಮೊಮ್ಮಗನ ಬೇಸ್‌ಬಾಲ್ ಪಂದ್ಯವೊಂದನ್ನು ನೋಡುವ ಸಂದರ್ಭವು ನನಗೆ ಒದಗಿತು. ಬಾಲ್ಯದಿಂದಲೂ ಕ್ರಿಕೆಟ್ಟಿನಲ್ಲಿಯೇ ಪಳಗಿದ ಕಣ್ಣಿಗೆ ಆ ಆಟದ ವ್ಯಾಕರಣವು ಬೇಗ ವಶವಾಗದೆ, ಪಕ್ಕದಲ್ಲಿ ಮಡಿಸುವ ಕುರ್ಚಿಯ ಮೇಲೆ ಕುಳಿತಿದ್ದ ಅಳಿಯಂದಿರನ್ನು ಮಾತುಮಾತಿಗೂ ಪ್ರಶ್ನಿಸಿ ಪೀಡಿಸುತ್ತಿದ್ದೆನು. ಮೂರನೆಯ ಇನಿಂಗ್ಸಿನಲ್ಲಿ ನಮ್ಮ ಹುಡುಗನು ಹೇಗೋ ಎರಡನೆಯ ಬೇಸನ್ನು ತಲುಪಿ ನಿಂತನು. ಎಸೆದ ಚೆಂಡು ಬ್ಯಾಟರನನ್ನು ಮುಟ್ಟುವವರೆಗೆ ಬೇಸನ್ನು ಬಿಟ್ಟು ಕದಲಬಾರದೆಂಬ ನಿಯಮವು ಮಕ್ಕಳ ಆಟದಲ್ಲಿ ಉಂಟಾದ ಕಾರಣ, ಅವನಿಗೆ ನಿಂತು ನೋಡುವುದಲ್ಲದೆ ಬೇರೆ ಕೆಲಸವಿರಲಿಲ್ಲ. ಹಾಗೆ ನಿಂತವನು ಒಮ್ಮೆ ಬಲಗೈಯಿಂದ ಹೆಲ್ಮೆಟ್ಟನ್ನು ಮುಟ್ಟಿಕೊಂಡನು. ಚೆಂಡು ಬಂದಿತು, ಬ್ಯಾಟರನು ಅದನ್ನು ಬಿಟ್ಟುಬಿಟ್ಟನು. ಮರುಚೆಂಡಿಗೆ ಮುನ್ನ ಎರಡು ಕೈಗಳನ್ನೂ ಮೊಣಕಾಲುಗಳ ಮೇಲೆ ಊರಿ ಬಾಗಿದನು. ಹೊರಬದಿಗೆ ಬಂದ ಚೆಂಡನ್ನು, ಅದು ಅಲ್ಲಿಗೇ ಬರುವುದೆಂದು ಬಲ್ಲವನಂತೆ, ಬ್ಯಾಟರನು ಹೆಜ್ಜೆ ಮುಂದಿಟ್ಟು ಬಲಬದಿಯ ಮೈದಾನಕ್ಕೆ ಬಾರಿಸಿದನು. ನಮ್ಮ ಕಡೆಯವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆನು.

ಆ ಚಪ್ಪಾಳೆ ಅಡಗುವ ಮುನ್ನವೇ ಎದುರು ತಂಡದ ಕೋಚು ಏನನ್ನೋ ಕೂಗುತ್ತ ಬೆಂಚಿನಿಂದ ಹೊರಬಂದರು. ಅಂಪೈರು ಮುಖವಾಡವನ್ನು ಕಳಚಿ ಕಂಕುಳಲ್ಲಿ ಇರಿಸಿಕೊಂಡು, ಇಬ್ಬರು ಕೋಚುಗಳನ್ನೂ ಬಳಿಗೆ ಕರೆದು, ತಗ್ಗಿದ ದನಿಯಲ್ಲಿ ಎಚ್ಚರಿಕೆಯ ಮಾತನ್ನಾಡಿ ಕಳುಹಿಸಿದರು. ಮೊಮ್ಮಗನ ಕೆನ್ನೆಗಳು ಕೆಂಪೇರಿದ್ದುದು ದೂರಕ್ಕೂ ಕಾಣುತ್ತಿತ್ತು. ಮನೆಗೆ ಹಿಂದಿರುಗುವಾಗ, ಕಾರಿನ ಹಿಂದಿನ ಆಸನದಲ್ಲಿ ನನ್ನ ಪಕ್ಕ ಕುಳಿತ ಹುಡುಗನು ಬಹಳ ಹೊತ್ತು ಮೌನವಾಗಿದ್ದು, ಕಡೆಗೆ, “ತಾತ, ನಾನು ಕಂಡದ್ದನ್ನು ತಾನೆ ಹೇಳಿದ್ದು? ಸುಳ್ಳೇನೂ ಹೇಳಲಿಲ್ಲವಲ್ಲ?” ಎಂದು ಕೇಳಿದನು. ನಾನು ಕೂಡಲೇ ಉತ್ತರ ಹೇಳಲಾರದೆ ಹೋದೆನು. ಹುಡುಗನು ಕೇಳಿದ ಪ್ರಶ್ನೆಯು ಮೇಲ್ನೋಟಕ್ಕೆ ಕಾಣುವಷ್ಟು ಸರಳವಾದುದಲ್ಲವೆಂಬುದು, ಆ ಆಟದ ಮರ್ಮವನ್ನು ವಿಚಾರಿಸುತ್ತ ಹೋದಂತೆ ನನಗೆ ಮನದಟ್ಟಾಯಿತು.

ಬೇಸ್‌ಬಾಲಿನಲ್ಲಿ ಚೆಂಡೆಸೆಯುವ ಪಿಚರನಿಗೂ, ಬ್ಯಾಟರನ ಬೆನ್ನ ಹಿಂದೆ ಕುಕ್ಕುರುಗಾಲಿನಲ್ಲಿ ಕುಳಿತು ಚೆಂಡನ್ನು ಹಿಡಿಯುವ ಕ್ಯಾಚರನಿಗೂ ನಡುವೆ, ಪ್ರತಿಯೊಂದು ಎಸೆತಕ್ಕೂ ಮೊದಲು ಒಂದು ಮೂಕಸಂಭಾಷಣೆ ನಡೆಯುವುದು. ನಮ್ಮ ವಿಕೆಟ್‌ಕೀಪರನು ಬೌಲರನ ಕೈಯನ್ನು ನೋಡಿ ಚೆಂಡನ್ನು ಊಹಿಸುವವನಾದರೆ, ಅಲ್ಲಿಯ ಕ್ಯಾಚರನು ಯಾವ ಚೆಂಡು ಬೇಕೆಂಬುದನ್ನು ತಾನೇ ಕೇಳಿ ಪಡೆಯುವವನು. ತೊಡೆಗಳ ಸಂದಿಯ ನೆರಳಿನಲ್ಲಿ, ಗ್ಲವ್ಸಿನ ಮರೆಯಲ್ಲಿ ಅವನು ಒಂದು ಬೆರಳನ್ನು ಚಾಚಿದರೆ ವೇಗದ ಚೆಂಡು, ಎರಡಾದರೆ ಬಾಗುವ ಚೆಂಡು, ನಾಲ್ಕನ್ನು ಚಾಚಿ ಅಲುಗಿಸಿದರೆ ಬ್ಯಾಟರನನ್ನು ವಂಚಿಸುವ ನಿಧಾನದ ಚೆಂಡು ಎಂಬುದು ಸಾಮಾನ್ಯವಾದ ರೂಢಿ. ಅನಂತರ ಅದೇ ಕೈಯಿಂದ ತನ್ನ ಒಳದೊಡೆಗಳಲ್ಲಿ ಒಂದನ್ನು ತಟ್ಟಿ, ಚೆಂಡು ಬ್ಯಾಟರನ ಮೈಗೆ ಹತ್ತಿರವಾಗಿ ಬರಬೇಕೋ ದೂರವಾಗಿ ಬರಬೇಕೋ ಎಂಬುದನ್ನು ಸೂಚಿಸಿ, ಆ ಬದಿಗೆ ತುಸು ಸರಿದು ಗ್ಲವ್ಸನ್ನು ಒಡ್ಡುವನು.

ದೊಡ್ಡವರ ಆಟದಲ್ಲಿ ಪಿಚರನು ನಿಲ್ಲುವ ತಾಣಕ್ಕೂ ಬ್ಯಾಟರನ ಮುಂದಿನ ಹೋಮ್ ಪ್ಲೇಟಿಗೂ ೬೦ ಅಡಿ ೬ ಅಂಗುಲ ಅಂತರ. ಹನ್ನೆರಡು ವರ್ಷದೊಳಗಿನ ಮಕ್ಕಳ ಆಟದಲ್ಲಿ ಅದು ೪೬ ಅಡಿ. ಅಷ್ಟು ಹತ್ತಿರದಿಂದ ಗಂಟೆಗೆ ೬೦ ಮೈಲಿ ವೇಗದಲ್ಲಿ ಬರುವ ಚೆಂಡನ್ನು ನೋಡಿ, ಅದು ಯಾವುದೆಂದು ಅರಿತು, ಹೊಡೆಯಬೇಕೋ ಬಿಡಬೇಕೋ ಎಂದು ನಿಶ್ಚಯಿಸಿ, ಬ್ಯಾಟನ್ನು ಬೀಸಿ ಮುಗಿಸಲು ಮಗುವಿಗೆ ದೊರೆಯುವ ಕಾಲಾವಕಾಶವು ಸುಮಾರು ಅರ್ಧ ಸೆಕೆಂಡು ಮಾತ್ರ. ಹೋಮ್ ಪ್ಲೇಟಿನ ಅಗಲವು ಕೇವಲ ೧೭ ಅಂಗುಲ. ಆದರೆ ಆ ಅಗಲದ ಒಳಬದಿಗೆ ಬರುವ ಚೆಂಡಿಗೂ ಹೊರಬದಿಗೆ ಬರುವ ಚೆಂಡಿಗೂ ಹೆಜ್ಜೆಯೇ ಬೇರೆ, ಕೈಯ ಚಾಚುವಿಕೆಯೇ ಬೇರೆ. ಎಳೆಯ ಪಿಚರುಗಳ ಬತ್ತಳಿಕೆಯಲ್ಲಿ ಬಾಣಗಳು ಹೆಚ್ಚಿರುವುದಿಲ್ಲ. ವೇಗದ ಚೆಂಡೊಂದು, ನಿಧಾನದ ಚೆಂಡೊಂದು ಇದ್ದರೆ ಅದೇ ದೊಡ್ಡದು. ಆದಕಾರಣ ಮಕ್ಕಳ ಆಟದಲ್ಲಿ ಚೆಂಡಿನ ಜಾತಿಗಿಂತ ಅದು ಬರುವ ಜಾಗದ ಗುಟ್ಟೇ ಹೆಚ್ಚು ಬೆಲೆಬಾಳುವುದು. ನಮ್ಮ ಹುಡುಗನು ಹೆಲ್ಮೆಟ್ಟಿನಿಂದಲೂ ಮೊಣಕಾಲಿನಿಂದಲೂ ಬಿಟ್ಟುಕೊಟ್ಟದ್ದು ಆ ಗುಟ್ಟನ್ನೇ.

ಎರಡನೆಯ ಬೇಸಿನಲ್ಲಿ ನಿಂತವನಿಗೆ ಈ ಗುಟ್ಟು ದೊರೆಯುವುದು ಮೈದಾನದ ರಚನೆಯಿಂದಲೇ. ಅವನು ಪಿಚರನ ಬೆನ್ನ ಹಿಂದೆ, ಕ್ಯಾಚರನಿಗೆ ನೇರ ಎದುರಾಗಿ ನಿಂತಿರುವನು. ಪಿಚರನಿಗೆ ಕಾಣುವುದೆಲ್ಲ ಅವನಿಗೂ ಕಾಣುವುದು. ಬ್ಯಾಟರನಾದರೋ ಪಿಚರನನ್ನು ನೋಡುತ್ತಿರುವಾಗಲೇ ಕತ್ತು ತಿರುಗಿಸದೆ ಇವನನ್ನೂ ನೋಡಬಲ್ಲನು. ಇಷ್ಟು ಸಾಲದೆಂಬಂತೆ, ಮೂರನೆಯ ಬೇಸಿನ ಬಳಿ ನಿಲ್ಲುವ ಕೋಚು, ಎಳೆಯ ಕ್ಯಾಚರನು ಮೊಣಕಾಲುಗಳನ್ನು ಅಗಲಿಸಿ ಕುಳಿತಾಗ ಬೆರಳುಗಳನ್ನು ಇಣುಕಿ ನೋಡಿ, ಬ್ಯಾಟರನನ್ನು ಹುರಿದುಂಬಿಸುವಂತೆ ಹೆಸರು ಹಿಡಿದು ಕೂಗಿದರೆ ಒಳಬದಿ, ಅಂಗಿಯ ಸಂಖ್ಯೆಯನ್ನು ಹಿಡಿದು ಕೂಗಿದರೆ ಹೊರಬದಿ ಎಂಬಂಥ ಸಂಕೇತಗಳನ್ನು ಬಳಸುವುದೂ ಉಂಟು. ಕೆಲವು ಬ್ಯಾಟರುಗಳು ಯಾರ ನೆರವೂ ಇಲ್ಲದೆ, ಕಡೆಗಣ್ಣಿನಿಂದ ಹಿಂದಕ್ಕೆ ನೋಡಿ ಕ್ಯಾಚರನು ಯಾವ ಬದಿಗೆ ಸರಿದನೆಂಬುದನ್ನು ತಾವೇ ಕಂಡುಕೊಳ್ಳುವರು.

ಕಳವಿಗೆ ತಕ್ಕ ಕಾವಲೂ ಇರಬೇಕಷ್ಟೆ. ಎರಡನೆಯ ಬೇಸಿಗೆ ಎದುರಾಳಿಯು ಬಂದು ನಿಂತೊಡನೆಯೇ ಕ್ಯಾಚರನು ಒಂದು ಸನ್ನೆಯ ಬದಲು ನಾಲ್ಕೈದನ್ನು ಸಾಲಾಗಿ ಮಾಡತೊಡಗುವನು. ಅವುಗಳಲ್ಲಿ ಯಾವುದು ನಿಜವೆಂಬುದು ಪಿಚರನಿಗೂ ಅವನಿಗೂ ಮಾತ್ರ ಗೊತ್ತು. ಔಟಾದವರ ಸಂಖ್ಯೆಗೆ ಒಂದನ್ನು ಕೂಡಿಸಿದರೆ ಬರುವ ಸ್ಥಾನದ ಸನ್ನೆಯೇ ನಿಜವೆಂಬುದು ಒಂದು ಪದ್ಧತಿ. ಒಬ್ಬನು ಔಟಾಗಿದ್ದರೆ ಎರಡನೆಯ ಸನ್ನೆ, ಇಬ್ಬರು ಔಟಾಗಿದ್ದರೆ ಮೂರನೆಯದು. ಎರಡು ಬೆರಳು ಕಾಣಿಸಿದ ಮೇಲೆ ಬರುವುದೇ ನಿಜವೆಂಬುದು ಮತ್ತೊಂದು. ಜಾಗದ ಗುಟ್ಟನ್ನು ಕಾಯುವ ಉಪಾಯವು ಇನ್ನೂ ಸರಳವಾದುದು: ಪಿಚರನು ಕೈಯೆತ್ತುವವರೆಗೆ ಕ್ಯಾಚರನು ನಡುವೆಯೇ ಕುಳಿತಿದ್ದು, ಕೊನೆಯ ಕ್ಷಣದಲ್ಲಿ ಮಾತ್ರ ಬದಿಗೆ ಸರಿಯಬೇಕು. ಮಕ್ಕಳಿಗೆ ಈ ತಾಳ್ಮೆ ಇರದು. ಬೇಗನೆ ಸರಿದು ಕುಳಿತುಬಿಡುವರು. ಈಚೆಗೆ ಅನೇಕ ತಂಡಗಳ ಮಕ್ಕಳು ಮಣಿಕಟ್ಟಿಗೆ ಸಂಖ್ಯೆಗಳ ಕೋಷ್ಟಕವೊಂದನ್ನು ಕಟ್ಟಿಕೊಂಡಿರುತ್ತಾರೆ. ಬೆಂಚಿನಿಂದ ಕೋಚು ಕೂಗಿದ ಅಂಕೆಗಳನ್ನು ಅದರಲ್ಲಿ ಹುಡುಕಿ ಯಾವ ಚೆಂಡೆಂದು ತಿಳಿಯುವರು. ಅವನು ಚಾಪೆಯ ಕೆಳಗೆ ನುಸುಳಿದರೆ ಇವನು ರಂಗೋಲಿಯ ಕೆಳಗೆ ನುಸುಳಿದನೆಂಬ ನಮ್ಮ ಗಾದೆಯನ್ನು ಅಮೆರಿಕದವರು ಕೇಳಿರಲಾರರು. ಆದರೆ ಅದರಂತೆ ನಡೆಯುವುದರಲ್ಲಿ ಅವರು ನಮಗೇನೂ ಕಡಮೆಯವರಲ್ಲ.

ಪರರ ಇಂಗಿತವನ್ನು ಅರಿಯುವುದು ನಮ್ಮ ಪ್ರಾಚೀನರ ದೃಷ್ಟಿಯಲ್ಲಿ ದೋಷವಾಗಿರಲಿಲ್ಲ. ಇಂಗಿತಜ್ಞತೆಯು ಮಂತ್ರಿಗೂ ದೂತನಿಗೂ ಭೂಷಣವೆನಿಸಿತ್ತು. ರಾಜನ ಮಂತ್ರಾಲೋಚನೆಯು ಗಿಳಿ ಗೊರವಂಕಗಳಿಂದಲೂ ನಾಯಿಗಳಿಂದಲೂ ಹೊರಬಿದ್ದುದುಂಟೆಂದು ಕೌಟಿಲ್ಯನ ಅರ್ಥಶಾಸ್ತ್ರವು ಎಚ್ಚರಿಸುವಾಗ, ಅದು ಬಯ್ಯುವುದು ಗುಟ್ಟನ್ನು ಕಂಡವನನ್ನಲ್ಲ, ಅದನ್ನು ಕಾಯಲಾರದವನನ್ನು. ಆದರೆ ನಮ್ಮ ಜನಕ್ಕೆಲ್ಲ ತಿಳಿದಿರುವ ಇನ್ನೊಂದು ಸನ್ನೆಯ ಕಥೆಯಲ್ಲಿ ಮನಸ್ಸು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಭೀಮ ದುರ್ಯೋಧನರ ಗದಾಯುದ್ಧದಲ್ಲಿ ಭೀಮನು ಬಳಲುತ್ತಿದ್ದಾಗ, ಕೃಷ್ಣನ ಮಾತಿನಂತೆ ಅರ್ಜುನನು ತನ್ನ ಎಡದೊಡೆಯನ್ನು ತಟ್ಟಿ ತೋರಿಸಿದನು. ಎಲ್ಲಿ ಹೊಡೆಯಬೇಕೆಂಬುದು ಭೀಮನಿಗೆ ತಿಳಿದುಹೋಯಿತು. ತೊಡೆ ತಟ್ಟಿ ಜಾಗವನ್ನು ಸೂಚಿಸುವ ಕ್ಯಾಚರನನ್ನು ಕಂಡಾಗ ನನಗೆ ಆ ಪ್ರಸಂಗವೇ ನೆನಪಾಯಿತು. ಹೋರಾಡುತ್ತಿದ್ದವರು ಇಬ್ಬರು, ಸನ್ನೆ ಬಂದದ್ದು ಮೂರನೆಯವನಿಂದ. ನೇಗಿಲನ್ನೆತ್ತಿಕೊಂಡು ಬಲರಾಮನು ಸಿಡಿದೆದ್ದುದು ನಾಭಿಯ ಕೆಳಗೆ ಹೊಡೆಯಬಾರದೆಂಬ ನಿಯಮದ ಭಂಗಕ್ಕಾಗಿಯೇ ನಿಜ; ಆದರೂ ಕಥೆಯನ್ನು ಕೇಳುವ ನಮಗೆ ಆ ಏಟಿನಷ್ಟೇ ಆ ಸನ್ನೆಯೂ ಚುಚ್ಚುತ್ತದೆ.

ಬೇಸ್‌ಬಾಲಿನ ಇತಿಹಾಸದಲ್ಲಿಯೂ ಈ ಮೂರನೆಯವನು ಮೇಲಿಂದ ಮೇಲೆ ಬಂದುಹೋಗಿದ್ದಾನೆ. ೧೯೦೦ರ ಸೆಪ್ಟೆಂಬರಿನಲ್ಲಿ ಫಿಲಡೆಲ್ಫಿಯದಲ್ಲಿ ಆಡುತ್ತಿದ್ದ ಸಿನ್ಸಿನಾಟಿ ತಂಡದ ಟಾಮಿ ಕಾರ್ಕೊರನ್ ಎಂಬ ಆಟಗಾರನು ಮೂರನೆಯ ಬೇಸಿನ ಕೋಚು ನಿಲ್ಲುವ ಜಾಗವನ್ನು ಬೂಟಿನ ಮೊಳೆಗಳಿಂದ ಕೆದಕಿದಾಗ ಮಣ್ಣಿನಡಿಯಿಂದ ವಿದ್ಯುತ್ತಿನ ಯಂತ್ರವೊಂದು ಹೊರಬಿದ್ದಿತು. ಆತಿಥೇಯ ತಂಡದ ಮಾರ್ಗನ್ ಮರ್ಫಿ ಎಂಬ ಹೆಚ್ಚುವರಿ ಕ್ಯಾಚರನು ಮೈದಾನದಾಚೆಯ ಕೊಠಡಿಯಿಂದ ದುರ್ಬೀನಿನಲ್ಲಿ ಸನ್ನೆಗಳನ್ನು ನೋಡಿ ತಂತಿಯ ಮೂಲಕ ಕಳುಹಿಸುತ್ತಿದ್ದ ಕಂಪನವನ್ನು, ಕೋಚು ತನ್ನ ಅಂಗಾಲಿನಿಂದ ಅರಿತು ಬ್ಯಾಟರನಿಗೆ ತಿಳಿಸುತ್ತಿದ್ದನು. ೧೯೫೧ರ ಆಗಸ್ಟಿನಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡಕ್ಕಿಂತ ಹದಿಮೂರೂವರೆ ಪಂದ್ಯಗಳಷ್ಟು ಹಿಂದೆ ಬಿದ್ದಿದ್ದ ನ್ಯೂಯಾರ್ಕ್ ಜೈಂಟ್ಸ್ ತಂಡವು ಆಶ್ಚರ್ಯಕರವಾಗಿ ಮೇಲೆದ್ದು, ಅಕ್ಟೋಬರ್ ೩ರಂದು ಬಾಬಿ ಥಾಮ್ಸನ್ ಹೊಡೆದ ಒಂದೇ ಹೊಡೆತದಿಂದ ಪ್ರಶಸ್ತಿಯ ಹೊಸ್ತಿಲನ್ನು ದಾಟಿದ ಕಥೆಯು ಅರ್ಧ ಶತಮಾನ ಕಾಲ ಪುರಾಣದಂತೆ ಪಾರಾಯಣವಾಯಿತು. ೨೦೦೧ರಲ್ಲಿ ಜೋಶುವ ಪ್ರೇಗರ್ ಎಂಬ ಪತ್ರಕರ್ತರು, ಜೈಂಟ್ಸರ ಕೊಠಡಿಯಲ್ಲಿ ಒಂದು ದೂರದರ್ಶಕವೂ ಅಲ್ಲಿಂದ ಹೊರಟ ಗಂಟೆಯ ತಂತಿಯೊಂದೂ ಇದ್ದವೆಂಬುದನ್ನು ಬಯಲಿಗೆಳೆದರು. ಆ ಒಂದು ಎಸೆತದ ಸನ್ನೆ ತನಗೆ ದೊರೆತಿರಲಿಲ್ಲವೆಂದೇ ಥಾಮ್ಸನ್ ಹೇಳಿದರು. ಆದರೆ ಹೊಡೆತದ ಮೇಲೆ ಬಿದ್ದ ನೆರಳು ಮಾತ್ರ ಸರಿಯಲಿಲ್ಲ.

೨೦೧೭ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ತಂಡವು ಮಾಡಿದ್ದಂತೂ ಜಗಜ್ಜಾಹೀರಾಗಿದೆ. ಮೈದಾನದ ಮಧ್ಯದಾಚೆಯ ಕ್ಯಾಮೆರಾ ಕ್ಯಾಚರನ ಬೆರಳುಗಳನ್ನು ತೋರಿಸುವುದು. ಬೆಂಚಿನ ಹಿಂದೆ ಅದನ್ನು ಪರದೆಯಲ್ಲಿ ನೋಡುತ್ತಿದ್ದವರು, ವೇಗದ ಚೆಂಡಲ್ಲದಿದ್ದರೆ ಕಸದ ಡಬ್ಬಿಯನ್ನು ಬಡಿಯುವರು. ೨೦೧೯ರ ನವೆಂಬರಿನಲ್ಲಿ ಈ ಸಂಗತಿಯು ಹೊರಬಿದ್ದಾಗ, ಆ ತಂಡದ ಅಭಿಮಾನಿಯೇ ಆಗಿದ್ದ ಟೋನಿ ಆಡಮ್ಸ್ ಎಂಬವರು ೮,೨೦೦ಕ್ಕೂ ಹೆಚ್ಚು ಎಸೆತಗಳ ದೃಶ್ಯಗಳನ್ನು ಒಂದೊಂದಾಗಿ ಪರೀಕ್ಷಿಸಿ ೧,೧೪೩ ಸಲ ಡಬ್ಬಿ ಬಡಿದ ಸದ್ದನ್ನು ಗುರುತಿಸಿದರು. ೨೦೨೦ರ ಜನವರಿಯಲ್ಲಿ ತಂಡಕ್ಕೆ ೫೦ ಲಕ್ಷ ಡಾಲರು ದಂಡವಾಯಿತು, ಮ್ಯಾನೇಜರೂ ಜನರಲ್ ಮ್ಯಾನೇಜರೂ ಕೆಲಸ ಕಳೆದುಕೊಂಡರು, ಆಟಗಾರರಿಗೆ ಶಿಕ್ಷೆಯಾಗಲಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯದ ಕೆಲವು ಮಕ್ಕಳ ಲೀಗುಗಳು, ತಮ್ಮ ಪುಟ್ಟ ತಂಡಗಳಿಗೆ ಇನ್ನು ಮುಂದೆ ಆಸ್ಟ್ರೋಸ್ ಎಂಬ ಹೆಸರು ಬೇಡವೆಂದು ಕೈಬಿಟ್ಟವು. ೨೦೨೨ರಿಂದ ದೊಡ್ಡ ಲೀಗಿನ ಕ್ಯಾಚರನು ಬೆರಳಿನ ಬದಲು ಗುಂಡಿಯನ್ನೊತ್ತಿ, ಪಿಚರನ ಟೋಪಿಯೊಳಗಿನ ಪುಟ್ಟ ಯಂತ್ರಕ್ಕೆ ಧ್ವನಿಯಲ್ಲಿಯೇ ಸಂದೇಶವನ್ನು ಕಳುಹಿಸುವ ಪಿಚ್‌ಕಾಮ್ ಎಂಬ ಏರ್ಪಾಡು ಬಂದಿದೆ.

ಇಷ್ಟೆಲ್ಲ ಆದರೂ, ಎರಡನೆಯ ಬೇಸಿನಲ್ಲಿ ನಿಂತ ಆಟಗಾರನು ತನ್ನ ಬರಿಗಣ್ಣಿನಿಂದ ಸನ್ನೆಯನ್ನು ಓದಿದರೆ ಅದನ್ನು ದೊಡ್ಡವರ ಆಟವು ಇಂದಿಗೂ ತಪ್ಪೆಂದು ಎಣಿಸುವುದಿಲ್ಲ, ಅದು ಜಾಣತನ. ನಿಷಿದ್ಧವಾದುದು ಯಂತ್ರ. ಹಾಗಾದರೆ ನನ್ನ ಮೊಮ್ಮಗನು ಮಾಡಿದ್ದರಲ್ಲಿ ತಪ್ಪೇನು? ಅವನ ಬಳಿ ದುರ್ಬೀನೂ ಇರಲಿಲ್ಲ, ಡಬ್ಬಿಯೂ ಇರಲಿಲ್ಲ.

೧೯೩೯ರಲ್ಲಿ ಪೆನ್ಸಿಲ್ವೇನಿಯದ ವಿಲಿಯಮ್ಸ್‌ಪೋರ್ಟಿನಲ್ಲಿ ಕಾರ್ಲ್ ಸ್ಟಾಟ್ಜ್ ಎಂಬವರು ಮೂರೇ ತಂಡಗಳೊಡನೆ ಆರಂಭಿಸಿ, ಇಂದು ಜಗತ್ತಿನಾದ್ಯಂತ ಹರಡಿರುವ ಲಿಟಲ್ ಲೀಗ್ ಸಂಸ್ಥೆಯು ಈ ವಿಷಯದಲ್ಲಿ ದೊಡ್ಡವರ ಹಾದಿಯನ್ನು ಬಿಟ್ಟಿದೆ. ಬ್ಯಾಟರನಿಗೆ ಚೆಂಡಿನ ಬಗೆಯನ್ನಾಗಲಿ ಜಾಗವನ್ನಾಗಲಿ ತಿಳಿಸುವ ಸಲುವಾಗಿ ಸನ್ನೆಗಳನ್ನು ಕದ್ದು ದಾಟಿಸುವುದು ಕ್ರೀಡಾಧರ್ಮಕ್ಕೆ ವಿರುದ್ಧವೆಂದೂ, ಹಾಗೆ ನಡೆಯುತ್ತಿದೆಯೆಂದು ಅಂಪೈರಿಗೆ ತೋರಿದರೆ ಆಟಗಾರನನ್ನೂ ಮ್ಯಾನೇಜರನ್ನೂ ಹೊರಗೆ ಕಳುಹಿಸಬಹುದೆಂದೂ ಅದರ ನಿಯಮವು ಹೇಳುತ್ತದೆ. ಹುಡುಗನೊಡನೆ ಹಿರಿಯನನ್ನೂ ಹೊಣೆಗಾರನನ್ನಾಗಿ ಮಾಡಿರುವ ಈ ನಿಯಮದಲ್ಲಿ, ಮಕ್ಕಳ ಸ್ವಭಾವವನ್ನೂ ದೊಡ್ಡವರ ಸ್ವಭಾವವನ್ನೂ ಚೆನ್ನಾಗಿ ಬಲ್ಲವರ ಅನುಭವವು ಅಡಗಿದೆಯೆಂದು ನನಗೆ ತೋರಿತು.

ಇದನ್ನು ಒಪ್ಪದ ಕೋಚುಗಳೂ ಕಡಮೆಯಿಲ್ಲ. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಹದಿಮೂರು ದಾಟಿ ಹೈಸ್ಕೂಲು ಸೇರಿದ ಹುಡುಗರಿಗೆ ಇದೆಲ್ಲ ಆಟದ ಅಂಗವೇ ಆಗಿರುವಾಗ, ಹನ್ನೆರಡಕ್ಕೆ ಪಾಪವಾದುದು ಹದಿನಾಲ್ಕಕ್ಕೆ ಪುಣ್ಯವಾಗುವುದು ಹೇಗೆ ಎಂದು ಅವರು ಕೇಳುತ್ತಾರೆ. ಕಣ್ಣು ತೆರೆದಿಟ್ಟುಕೊಂಡು ಆಡು ಎಂದು ಬೋಧಿಸಿದ ಬಾಯಿಂದಲೇ ಕಂಡದ್ದನ್ನು ಮರೆತುಬಿಡು ಎನ್ನುವುದು ಎಂಥ ನ್ಯಾಯ? ಸನ್ನೆ ಸೋರುತ್ತಿದ್ದರೆ ಸನ್ನೆಯನ್ನು ಬದಲಿಸಲಿ. ಕ್ಯಾಚರನು ಪಾಠ ಕಲಿಯಲಿ. ಈ ಮಾತಿನಲ್ಲಿ ಸತ್ಯಾಂಶವಿದೆ. ಪಿಚರನು ನಿಧಾನದ ಚೆಂಡನ್ನು ಹಿಡಿಯುವಾಗಲೆಲ್ಲ ಗ್ಲವ್ಸನ್ನು ಅಗಲಿಸುತ್ತಾನೆಂಬುದನ್ನು ಬ್ಯಾಟು ಹಿಡಿದ ಹುಡುಗನು ತಾನೇ ಗಮನಿಸಿದನಾದರೆ ನಾನು ಅವನ ಬೆನ್ನು ತಟ್ಟುವೆನು. ಅವನು ಓದಿದ್ದು ತನ್ನ ಎದುರಾಳಿಯನ್ನು, ಓದಿದ್ದು ತನ್ನ ಕಣ್ಣಿನಿಂದ.

ಆದರೆ ಆ ಸಂಜೆ ನಡೆದುದು ಅದಲ್ಲ. ಮನೆಗೆ ಬಂದ ಮೇಲೆ ಮಗಳು ಮೆಲ್ಲನೆ ವಿಚಾರಿಸಿದಾಗ ತಿಳಿದುಬಂದಂತೆ, ಹೆಲ್ಮೆಟ್ಟು ಮೊಣಕಾಲುಗಳ ಸಂಕೇತವನ್ನು ಪಂದ್ಯದ ಹಿಂದಿನ ಅಭ್ಯಾಸದಲ್ಲಿ ಕೋಚೇ ಎಲ್ಲ ಹುಡುಗರಿಗೂ ಕಲಿಸಿದ್ದರು. ನೋಡಿದ ಕಣ್ಣು ಒಬ್ಬನದು, ಹೊಡೆದ ಕೈ ಇನ್ನೊಬ್ಬನದು, ಯೋಜಿಸಿದ ಬುದ್ಧಿಯು ಬೇಲಿಯಾಚೆ ನಿಂತ ಹಿರಿಯನದು. ಹತ್ತನೆಯ ತರಗತಿಯ ಪರೀಕ್ಷೆಯ ದಿನ ಶಾಲೆಯ ಕಿಟಕಿಯ ಹೊರಗೆ ನಿಂತು ಮಗನಿಗೆ ಉತ್ತರವನ್ನು ಪಿಸುಗುಟ್ಟುವ ತಂದೆಯನ್ನು ನಾವು ಕಂಡಿಲ್ಲವೆ? ಆ ತಂದೆ ಹೇಳಿದ ಉತ್ತರವೂ ಸುಳ್ಳಲ್ಲ. ಆದರೆ ಅಂಕ ಬಂದರೂ ಮಗನಿಗೆ ಗಣಿತ ಬರಲಿಲ್ಲ. ಪಿಚರನ ಕೈಬಿಟ್ಟ ಚೆಂಡನ್ನು ಆ ಅರ್ಧ ಸೆಕೆಂಡಿನಲ್ಲಿ ಗುರುತಿಸುವ ಶಕ್ತಿಯು ಸಾವಿರ ಚೆಂಡುಗಳಿಗೆ ಮೋಸಹೋದ ಮೇಲೆ ಕಣ್ಣಿಗೆ ತಾನಾಗಿ ಬರತಕ್ಕುದು. ಆ ಮೋಸಹೋಗುವ ಅವಕಾಶವನ್ನೇ ಮಗುವಿನಿಂದ ಕಸಿದುಕೊಂಡರೆ ಉಳಿಯುವುದು ಬರಿಯ ರನ್ನು. ಅಪಾಯವೂ ಇಲ್ಲದಿಲ್ಲ: ಹೊರಬದಿಯೆಂದು ನಂಬಿ ಮುಂದಕ್ಕೆ ಬಾಗಿದ ಎಳೆಯನ ಮೈಮೇಲೆ, ಗುರಿ ತಪ್ಪಿದ ಪಿಚರನ ಚೆಂಡು ಒಳಬದಿಗೆ ನುಗ್ಗಿ ಬಂದರೆ ತಪ್ಪಿಸಿಕೊಳ್ಳುವ ವ್ಯವಧಾನವಿರದು. ಹನ್ನೊಂದು ವರ್ಷದ ಪಿಚರನ ಗುರಿಯು ತಪ್ಪುವುದೇ ಹೆಚ್ಚು.

೨೦೧೭ರ ಮಾರ್ಚಿನಲ್ಲಿ ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಎಲ್‌ಬಿಡಬ್ಲ್ಯು ಆದ ಆಸ್ಟ್ರೇಲಿಯದ ನಾಯಕ ಸ್ಟೀವ್ ಸ್ಮಿತ್, ಮರುಪರಿಶೀಲನೆಯನ್ನು ಕೋರಬೇಕೇ ಬೇಡವೇ ಎಂದು ತಿಳಿಯಲು ಡ್ರೆಸ್ಸಿಂಗ್ ರೂಮಿನ ಕಡೆಗೆ ಮುಖ ತಿರುಗಿಸಿದುದನ್ನು ನಮ್ಮವರು ಇನ್ನೂ ಮರೆತಿಲ್ಲ. ಜಗತ್ತಿನ ಶ್ರೇಷ್ಠ ಬ್ಯಾಟುಗಾರರಲ್ಲಿ ಒಬ್ಬನಾದವನೂ ಆ ಕ್ಷಣದಲ್ಲಿ ತನ್ನ ಅರಿವನ್ನು ಬಿಟ್ಟು ಪರರ ಅರಿವಿಗೆ ಕೈಚಾಚಿದ್ದನು. ಅದೇ ಮುಖವನ್ನು ನಾನು ಆ ಸಂಜೆ ನ್ಯೂಜೆರ್ಸಿಯ ಮೈದಾನದಲ್ಲಿಯೂ ಕಂಡೆನು. ಅಂಪೈರಿನ ಎಚ್ಚರಿಕೆಯಾದ ಮೇಲೆ, ಕೊನೆಯ ಇನಿಂಗ್ಸಿನಲ್ಲಿ, ಬಲಬದಿಗೆ ಸೊಗಸಾಗಿ ಬಾರಿಸಿದ್ದ ಅದೇ ಹುಡುಗನು ಮತ್ತೆ ಬ್ಯಾಟು ಹಿಡಿದು ಬಂದನು. ಬೇಸುಗಳಲ್ಲಿ ಯಾರೂ ಇರಲಿಲ್ಲ. ಪಿಚರನು ಕೈಯೆತ್ತುವುದಕ್ಕೆ ಮುನ್ನ ಹುಡುಗನ ಕಣ್ಣು ಅವನ ಭುಜವನ್ನು ದಾಟಿ, ಬರಿದಾಗಿ ಬಿದ್ದಿದ್ದ ಎರಡನೆಯ ಬೇಸಿನ ಬಿಳಿಯ ಚೌಕದ ಮೇಲೆ ಹೋಗಿ ನಿಂತಿತು. ಮೂರು ಚೆಂಡುಗಳೂ ಅವನನ್ನು ದಾಟಿ ಹೋದವು. ಅವನು ಬ್ಯಾಟನ್ನು ಎತ್ತಲೂ ಇಲ್ಲ.

ಮೊಮ್ಮಗನಿಗೆ ಉತ್ತರ ಹೇಳುವುದಕ್ಕೆ ನನಗೆ ಎರಡು ದಿನ ಹಿಡಿಯಿತು. “ನೀನು ಸುಳ್ಳು ಹೇಳಲಿಲ್ಲ, ಕಂದ, ಆದರೆ ಕೊನೆಯಲ್ಲಿ ಅವನು ಎಲ್ಲಿ ನೋಡುತ್ತಿದ್ದನೆಂಬುದನ್ನು ಕಂಡೆಯಾ?” ಎಂದು ಕೇಳಿದೆನು. ಹುಡುಗನು ಸ್ವಲ್ಪ ಹೊತ್ತು ಯೋಚಿಸಿ, “ನನ್ನನ್ನು,” ಎಂದನು. ಮತ್ತೆ ತಡೆದು, “ಆದರೆ ನಾನು ಅಲ್ಲಿರಲಿಲ್ಲವಲ್ಲ, ತಾತ,” ಎಂದನು.